ಇಂಗುಬಾವಿ ನೀರು ಕುಡಿಯದಿದ್ದಾಗ: ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆ

ಬೆಂಗಳೂರಿನಲ್ಲಿ ನೀರು ಸರಬರಾಜು ಮತ್ತು ಒಳಚರಂಡಿ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿಯ ಪ್ರಕಾರ 2,400 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಕಟ್ಟಡಗಳಿಗೂ, 1,200 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಕಟ್ಟಡಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಅಂದಿನಿಂದ ನಗರದ ಮನೆಯಂಗಳಗಳಲ್ಲಿ, ವಸತಿ ಸಮುಚ್ಚಯಗಳ ಮೂಲೆಗಳಲ್ಲಿ, ಉದ್ಯಾನಗಳಲ್ಲಿ ಮಳೆನೀರನ್ನು ನೆಲದೊಳಗೆ ಇಂಗಿಸುವ ಸಾವಿರಾರು ಇಂಗುಬಾವಿಗಳು ತೋಡಲ್ಪಟ್ಟಿವೆ. ಅವುಗಳಲ್ಲಿ ಬಹಳಷ್ಟು ಬಾವಿಗಳ ಮುಚ್ಚಳವನ್ನು ತೋಡಿದ ಮರುವರ್ಷದಿಂದ ಯಾರೂ ತೆರೆದು ನೋಡಿಲ್ಲ. ಬಾವಿ ತುಂಬಿ ಅಂಗಳಕ್ಕೆ ಹರಿದಾಗಲೋ, ಸೊಳ್ಳೆ ಎದ್ದಾಗಲೋ, ವಾಸನೆ ಬಂದಾಗಲೋ ಮಾತ್ರ ಅದರ ನೆನಪಾಗುತ್ತದೆ. ಆಗ ಸಾಮಾನ್ಯವಾಗಿ ಕೇಳಿಬರುವ ತೀರ್ಮಾನ ಎರಡೇ: "ಈ ಮಣ್ಣು ನೀರು ಕುಡಿಯುವುದಿಲ್ಲ" ಅಥವಾ "ಇನ್ನೊಂದು ಬಾವಿ ತೋಡಿಸಬೇಕು". ನಮ್ಮ ಸಮುಚ್ಚಯದಲ್ಲಿಯೂ ಇವೆರಡನ್ನೂ ಹೇಳಿದೆವು, ಹಣವನ್ನೂ ವ್ಯಯಿಸಿದೆವು. ನಿಜವಾದ ದೋಷ ಬಾವಿಯಲ್ಲಿ ಇರಲೇ ಇಲ್ಲ. ಅದನ್ನು ಕಂಡುಹಿಡಿದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ತುಂಬಿ ಹರಿಯುವುದೆಲ್ಲ ದೋಷವಲ್ಲ

ಮೊದಲು ದೂರು ಏನೆಂಬುದನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಮೂವತ್ತು ನಲವತ್ತರ ನಿವೇಶನದಷ್ಟೇ ಅಗಲವಾದ ತಾರಸಿ ಸುಮಾರು 111 ಚದರ ಮೀಟರ್ ಇರುತ್ತದೆ. ಅದರ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ, ಹತ್ತನೇ ಒಂದು ಪಾಲು ಆವಿಯಾಗಿ, ಸಿಡಿದು, ತಾರಸಿಯಲ್ಲೇ ಹೀರಿ ಹೋಯಿತೆಂದುಕೊಂಡರೂ ಐದು ಸಾವಿರ ಲೀಟರ್ ಪೈಪಿನಲ್ಲಿ ಇಳಿಯುತ್ತದೆ. ಕಾಂಕ್ರೀಟು ಬಳೆಗಳನ್ನು ಒಂದರ ಮೇಲೊಂದು ಇಳಿಸಿ ಕಟ್ಟಿದ, ಎಲ್ಲೆಡೆ ಕಾಣುವ ಮೂರು ಅಡಿ ವ್ಯಾಸದ ರಿಂಗು ಬಾವಿ ಪ್ರತಿ ಅಡಿ ಆಳಕ್ಕೆ ಸುಮಾರು 200 ಲೀಟರ್ ಹಿಡಿಯುತ್ತದೆ, ಅಂದರೆ ಇಪ್ಪತ್ತು ಅಡಿಯ ಬಾವಿ ತುಂಬಲು ನಾಲ್ಕು ಸಾವಿರ ಲೀಟರ್ ಸಾಕು. ಒಂದೇ ಗಂಟೆಯಲ್ಲಿ ಅಂಥ ಮಳೆ ಬಂದರೆ ಆರೋಗ್ಯವಂತ ಬಾವಿಯೂ ಉಕ್ಕುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರದ ಒಂದೇ ರಾತ್ರಿಯಲ್ಲಿ ನಗರದಲ್ಲಿ 130 ಮಿಲಿಮೀಟರ್ ದಾಟಿದ ಮಳೆಗೆ ಯಾವ ಮನೆಯ ಇಂಗುಬಾವಿಯೂ ಸಾಲುವಂತಿರಲಿಲ್ಲ.

ಆದ್ದರಿಂದ ಜೋರು ಮಳೆಯ ನಡುವೆ ಬಾವಿ ಉಕ್ಕಿದ್ದನ್ನು ದೋಷವೆಂದು ಬರೆದುಕೊಳ್ಳಬಾರದು. ಹೆಚ್ಚಾದ ನೀರು ಚರಂಡಿಗೆ ಹೋಗುವ ದಾರಿ ಸರಿಯಾಗಿದೆಯೇ, ಅಂಗಳಕ್ಕೋ ನೆಲಮಾಳಿಗೆಗೋ ನುಗ್ಗುತ್ತಿದೆಯೇ ಎಂಬುದಷ್ಟನ್ನೇ ಅಲ್ಲಿ ನೋಡಬೇಕು. ಮಳೆ ನಿಂತ ಮೇಲೆ ನೀರು ಎಷ್ಟು ಬೇಗ ಇಳಿಯುತ್ತದೆ ಎಂಬುದೇ ಇಂಗುಬಾವಿಯ ನಿಜವಾದ ಪರೀಕ್ಷೆ. ಎರಡು ದಿನ ಕಳೆದರೂ ನೀರು ಹಾಗೆಯೇ ನಿಂತಿದ್ದರೆ ದೋಷವಿದೆ ಎಂದು ತಿಳಿಯಬಹುದು. ವಾರ ದಾಟಿದರೆ ಸೊಳ್ಳೆಯ ಮರಿಗಳು ಹಾರಲು ಬೇಕಾದಷ್ಟು ಸಮಯವೂ ಸಿಕ್ಕಂತಾಗುತ್ತದೆ.

ಹಗ್ಗ, ಭಾರ, ಗಡಿಯಾರ

ಬೇಕಾದ ಸಾಧನಗಳು ಇಷ್ಟೇ: ಅಡಿಗೊಂದು ಗಂಟು ಹಾಕಿದ ನೈಲಾನ್ ಹಗ್ಗ, ಅದರ ತುದಿಗೆ ಕಟ್ಟಲು ಅರ್ಧ ಕಿಲೋ ತೂಕದ ಕಬ್ಬಿಣದ ತುಂಡು, ಒಂದು ಟಾರ್ಚು, ಒಂದು ನೋಟುಪುಸ್ತಕ. ಬಾವಿಯ ಬಾಯಿಯ ಅಂಚಿನಲ್ಲಿ ಒಂದು ಕಡೆ ಬಣ್ಣದ ಗುರುತು ಹಾಕಿ, ಪ್ರತಿ ಅಳತೆಯನ್ನೂ ಆ ಗುರುತಿನಿಂದಲೇ ತೆಗೆಯಬೇಕು. ಇಲ್ಲದಿದ್ದರೆ ಒಬ್ಬರು ತೆಗೆದ ಅಳತೆಗೂ ಇನ್ನೊಬ್ಬರು ತೆಗೆದ ಅಳತೆಗೂ ಹೊಂದಾಣಿಕೆ ಇರುವುದಿಲ್ಲ.

ಎರಡು ಸಂಗತಿಗಳನ್ನು ಅಳೆಯಬೇಕು. ಮೊದಲನೆಯದು ತಳ: ಭಾರವನ್ನು ನಿಧಾನವಾಗಿ ಇಳಿಸಿ, ಅದು ನಿಂತಲ್ಲಿ ಹಗ್ಗವನ್ನು ಮೇಲೆ ಕೆಳಗೆ ಆಡಿಸಿ ನೋಡಿ. ಗಟ್ಟಿ ತಳವಾದರೆ ಕೈಗೆ ತಟ್ಟನೆ ತಾಕುತ್ತದೆ, ಹೂಳಾದರೆ ಭಾರ ಮೆತ್ತಗೆ ಹೂತು, ಎಳೆಯುವಾಗ ಹಿಡಿದಂತಾಗುತ್ತದೆ. ಬಾವಿ ತೋಡಿದಾಗ ಎಷ್ಟು ಆಳವಿತ್ತು ಎಂಬುದು ಗೊತ್ತಿದ್ದರೆ ಹೂಳಿನ ದಪ್ಪ ತಕ್ಷಣ ತಿಳಿಯುತ್ತದೆ. ಗೊತ್ತಿಲ್ಲದಿದ್ದರೆ ಉದ್ದನೆಯ ಕಬ್ಬಿಣದ ಸರಳನ್ನು ಹೂಳಿನೊಳಗೆ ಚುಚ್ಚಿ ಅಂದಾಜು ಮಾಡಬಹುದು. ಎರಡನೆಯದು ನೀರಿನ ಮಟ್ಟ: ಮಳೆ ನಿಂತ ಕೂಡಲೇ ಒಮ್ಮೆ, ಅನಂತರ ಮೊದಲ ನಾಲ್ಕು ಗಂಟೆ ಗಂಟೆಗೊಮ್ಮೆ, ಬೆಳಗಿನ ಜಾವ ಯಾರೂ ನಲ್ಲಿ ತಿರುಗಿಸುವ ಮುಂಚೆ ಒಮ್ಮೆ, ಹತ್ತು ಗಂಟೆಗೆ ಒಮ್ಮೆ, ಸಂಜೆ ಒಮ್ಮೆ. ಬೆಳಗಿನ ಆ ಎರಡು ಅಳತೆಗಳನ್ನು ಯಾವ ಕಾರಣಕ್ಕೂ ಬಿಡಬಾರದು. ಏಕೆಂಬುದು ಮುಂದೆ ತಿಳಿಯುತ್ತದೆ.

ಮಳೆಗಾಲವಲ್ಲದಿದ್ದರೆ ಟ್ಯಾಂಕರಿನ ತಿಳಿನೀರನ್ನು ತುಂಬಿಸಿ ಇದೇ ಪರೀಕ್ಷೆ ಮಾಡಬಹುದು. ಒಣಗಿದ ಮಣ್ಣು ಮೊದಲ ಸಲ ನೀರನ್ನು ಬೇಗ ಹೀರಿ ಮೋಸ ಮಾಡುವುದರಿಂದ, ಒಮ್ಮೆ ತುಂಬಿಸಿ ಇಳಿಯಲು ಬಿಟ್ಟು, ಎರಡನೆಯ ಸಲ ತುಂಬಿಸಿದಾಗ ಬಂದ ಅಳತೆಯನ್ನು ಮಾತ್ರ ನಂಬಬೇಕು.

ಅಳತೆ ಏನು ಹೇಳುತ್ತದೆ

ನೀರು ಮೇಲಿದ್ದಾಗ ವೇಗವಾಗಿ ಇಳಿದು, ಕೆಳಗೆ ಹೋದಂತೆ ನಿಧಾನವಾಗುವುದು ಸಹಜ. ನೀರಿನ ಒತ್ತಡವೂ ನೆನೆಯುವ ಗೋಡೆಯ ವಿಸ್ತಾರವೂ ಕಡಿಮೆಯಾಗುತ್ತಾ ಹೋಗುತ್ತವೆ. ಇದನ್ನು ಕಂಡು ಗಾಬರಿಯಾಗಬೇಕಿಲ್ಲ. ನೀರು ಚೆನ್ನಾಗಿ ಇಳಿಯುತ್ತಿದ್ದು ಒಂದು ಮಟ್ಟಕ್ಕೆ ಬಂದು ಥಟ್ಟನೆ ನಿಂತುಬಿಟ್ಟರೆ ಮಾತ್ರ ಯೋಚಿಸಬೇಕು. ಆ ಮಟ್ಟದಿಂದ ಕೆಳಗೆ ಹೂಳು ಗೋಡೆಯನ್ನೂ ತಳವನ್ನೂ ಮೆತ್ತಿಕೊಂಡಿರಬಹುದು, ಅಥವಾ ಅಂತರ್ಜಲವೇ ಆ ಮಟ್ಟಕ್ಕೆ ಏರಿ ನಿಂತಿರಬಹುದು. ಹೂಳಿನ ಅಳತೆ ಹೆಚ್ಚು ಬಂದಿದ್ದರೆ ಮೊದಲನೆಯದು. ತಳ ಗಟ್ಟಿಯಾಗಿದ್ದು, ಅಕ್ಕಪಕ್ಕದ ಹಳೆಯ ತೆರೆದ ಬಾವಿಗಳಲ್ಲಿಯೂ ನೀರು ಹೆಚ್ಚುಕಡಿಮೆ ಅದೇ ಮಟ್ಟದಲ್ಲಿದ್ದರೆ ಎರಡನೆಯದು.

ಮೇಲಿನಿಂದ ಕೆಳಗಿನವರೆಗೂ ನೀರು ಗಂಟೆಗೆ ಒಂದೆರಡು ಇಂಚಿಗಿಂತ ಹೆಚ್ಚು ಇಳಿಯದಿದ್ದರೆ ಗೋಡೆಯೇ ಮುಚ್ಚಿಹೋಗಿದೆ, ಇಲ್ಲವೇ ಬಾವಿ ಜೇಡಿಮಣ್ಣಿನಲ್ಲಿ ನಿಂತಿದೆ. ಇನ್ನು ನೀರು ಇಳಿದು, ಮಳೆಯಿಲ್ಲದೆಯೇ ಮತ್ತೆ ಏರಿದರೆ, ಎಲ್ಲಿಂದಲೋ ಬೇರೆ ನೀರು ಒಳಗೆ ಬರುತ್ತಿದೆ ಎಂಬುದರಲ್ಲಿ ಅನುಮಾನ ಬೇಡ. ನಾವು ಎರಡು ವರ್ಷ ತಪ್ಪಿಸಿಕೊಂಡದ್ದು ಇದನ್ನೇ.

ಹೂಳು: ಮೊದಲು ನೋಡಬೇಕಾದದ್ದು, ಆದರೆ ಅಲ್ಲಿಗೇ ನಿಲ್ಲಬಾರದ್ದು

ಹತ್ತರಲ್ಲಿ ಏಳೆಂಟು ಬಾವಿಗಳು ಸೋಲುವುದು ಹೂಳಿನಿಂದ ಎಂಬುದು ನಾನು ನೋಡಿದ ಬಾವಿಗಳ ಮಟ್ಟಿಗೆ ನಿಜ. ಹೂಳು ತೆಗೆಸುವ ಮುಂಚೆ ಅದರ ಒಂದು ಹಿಡಿಯನ್ನು ಬಕೆಟ್ಟಿನಲ್ಲಿ ಮೇಲೆತ್ತಿ ಕೈಯಲ್ಲಿ ಉಜ್ಜಿ ನೋಡಬೇಕು. ಕೊಳೆತ ಎಲೆ, ಪಾಚಿ, ಪಾರಿವಾಳದ ಹಿಕ್ಕೆ ಇದ್ದರೆ ಅದು ತಾರಸಿಯದು. ಕೆಂಪು ಮಣ್ಣು, ಟೈರಿನ ಕಪ್ಪು, ಎಣ್ಣೆಯ ಜಿಡ್ಡು ಇದ್ದರೆ ಅದು ವಾಹನ ಓಡಾಡುವ ಅಂಗಳದ್ದು. ಬೂದುಬಣ್ಣದ, ಹಿಸುಕಿದರೆ ಹಿಟ್ಟಿನಂತಾಗಿ ಒಣಗಿದ ಮೇಲೆ ಕಲ್ಲಾಗುವ ಪದಾರ್ಥವಾದರೆ ಯಾರೋ ಮನೆಯ ದುರಸ್ತಿಯ ಸಿಮೆಂಟು ಬಾಣಲೆಯನ್ನು ಮಳೆನೀರಿನ ಚೇಂಬರಿನಲ್ಲಿ ತೊಳೆದಿದ್ದಾರೆ. ಈ ಮೂರನೆಯದು ಬಾವಿಗೆ ವಿಷವಿದ್ದಂತೆ. ಗೋಡೆಯ ಮಣ್ಣಿನ ಕಣ್ಣುಗಳನ್ನು ಅದು ಶಾಶ್ವತವಾಗಿ ಮುಚ್ಚುತ್ತದೆ.

ಹೂಳು ಎಲ್ಲಿಯದೆಂದು ತಿಳಿದ ಮೇಲೆ ಅದು ಸೋಸುಗುಂಡಿಯನ್ನು, ಅಂದರೆ ಬಾವಿಗೆ ಮುಂಚೆ ನೀರನ್ನು ಜಲ್ಲಿಯಲ್ಲಿ ಸೋಸುವ ಗುಂಡಿಯನ್ನು, ದಾಟಿ ಹೇಗೆ ಬಂತು ಎಂದು ಹುಡುಕಬೇಕು. ಮಳೆ ಬರುವಾಗ ಕೊಡೆ ಹಿಡಿದು ಸೋಸುಗುಂಡಿಯ ಪಕ್ಕದಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಜಲ್ಲಿಯ ಮೇಲೆ ಕೆಸರು ಗಟ್ಟಿ ಪದರವಾಗಿ ಕೂತಿದ್ದರೆ ನೀರು ಸೋಸಿ ಇಳಿಯುವ ಬದಲು ಮೇಲಿನಿಂದ ಉಕ್ಕಿ ನೇರವಾಗಿ ಬಾವಿಯ ಪೈಪಿಗೆ ಹೋಗುವುದು ಕಣ್ಣಿಗೇ ಕಾಣುತ್ತದೆ. ಮೇ ತಿಂಗಳ ಮೊದಲ ಮಳೆಗಳಲ್ಲಿ ತಾರಸಿಯ ಧೂಳೆಲ್ಲ ಒಟ್ಟಿಗೆ ಇಳಿಯುವುದರಿಂದ, ಮೊದಲ ಒಂದೆರಡು ಮಿಲಿಮೀಟರ್ ಮಳೆಯ ನೀರನ್ನು, ಅಂದರೆ ಮೇಲೆ ಹೇಳಿದ ತಾರಸಿಗೆ ಸುಮಾರು ನೂರರಿಂದ ಇನ್ನೂರು ಲೀಟರನ್ನು, ಹೊರಗೆ ಬಿಡುವ ತಿರುಗಣೆ ಇದೆಯೇ ಎಂಬುದನ್ನೂ, ಇದ್ದರೆ ಅದು ತುಕ್ಕು ಹಿಡಿದು ಬಿಗಿದುಕೊಂಡಿದೆಯೇ ಎಂಬುದನ್ನೂ ನೋಡಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಬಾವಿಯೊಳಗೇ ಜಲ್ಲಿ, ಇದ್ದಿಲು, ಮರಳು ತುಂಬಿಸಿ "ಇದೇ ಫಿಲ್ಟರ್" ಎನ್ನುವ ಸಲಹೆಯನ್ನು ಒಪ್ಪಬಾರದು. ಜಲ್ಲಿ ತುಂಬಿದ ಬಾವಿಯಲ್ಲಿ ನೀರಿಗೆ ಉಳಿಯುವ ಜಾಗ ಸುಮಾರು ಶೇಕಡಾ 40 ಮಾತ್ರ, ಮತ್ತು ಆ ಜಲ್ಲಿಯ ಸಂದುಗಳಲ್ಲಿ ಕೂತ ಹೂಳನ್ನು ಇಡೀ ಬಾವಿಯನ್ನು ಮತ್ತೆ ಖಾಲಿ ಮಾಡದೆ ತೆಗೆಯಲು ಸಾಧ್ಯವೇ ಇಲ್ಲ. ರಿಂಗುಗಳ ಹೊರಗೆ, ಮಣ್ಣಿಗೂ ರಿಂಗಿಗೂ ನಡುವಿನ ಜಾಗದಲ್ಲಿ ಜಲ್ಲಿ ಇರಬೇಕು. ಬಾವಿಯೊಳಗೆ ನೀರು ಮಾತ್ರ ಇರಬೇಕು.

ಮಳೆಯಿಲ್ಲದ ದಿನ ಏರುವ ನೀರು

ನಮ್ಮ ಬಾವಿ ನಾಲ್ಕು ಅಡಿ ವ್ಯಾಸದ್ದು, ಇಪ್ಪತ್ತನಾಲ್ಕು ಅಡಿ ಆಳದ್ದು. ಮೊದಲ ಎರಡು ಮಳೆಗಾಲ ರಾತ್ರಿ ತುಂಬಿದ ನೀರು ಮಧ್ಯಾಹ್ನದೊಳಗೆ ಕಾಣೆಯಾಗುತ್ತಿತ್ತು. ಮೂರನೆಯ ವರ್ಷ ಒಂದು ವಾರ ನಿಂತಿತು. ಹೂಳು ತೆಗೆಸಿದೆವು, ಎರಡು ತಿಂಗಳು ಸರಿಯಿದ್ದು ಮತ್ತೆ ಕಟ್ಟಿಕೊಂಡಿತು. ಮರುವರ್ಷ ಮತ್ತೊಮ್ಮೆ ತೆಗೆಸಿದೆವು, ಸೋಸುಗುಂಡಿಯ ಜಲ್ಲಿಯನ್ನೂ ಬದಲಿಸಿದೆವು, ಫಲ ಅದೇ. ಎರಡನೆಯ ಬಾವಿಗೆ ಜಾಗ ಗುರುತು ಮಾಡಿದ್ದ ಹೊತ್ತಿನಲ್ಲಿ, ಬಾವಿ ತೋಡುವ ಹಿರಿಯರೊಬ್ಬರು ಮುಚ್ಚಳ ತೆಗೆಸಿ, ಬಗ್ಗಿ ಮೂಸಿ, "ಇದು ಮಳೆನೀರಿನ ವಾಸನೆಯಲ್ಲ ಸ್ವಾಮಿ, ಬಟ್ಟೆ ಒಗೆದ ನೀರು" ಎಂದರು. ತಲೆಮಾರುಗಳಿಂದ ಬಾವಿ ತೋಡುತ್ತಾ ಬಂದಿರುವ ಮಣ್ಣು ವಡ್ಡರ ಸಮುದಾಯದವರು ಅವರು. ಆ ಮಾತಿನ ಬಲದಿಂದಲೇ ಹಗ್ಗ ಹಿಡಿದು ಕೂತೆವು.

ಮಳೆಯಿಲ್ಲದ ಒಂದು ಭಾನುವಾರ ಬೆಳಗಿನ ಐದೂವರೆಗೆ ನೀರು ಗುರುತಿನಿಂದ ಹನ್ನೊಂದು ಅಡಿ ಕೆಳಗಿತ್ತು. ಹತ್ತು ಗಂಟೆಗೆ ಅಳೆದಾಗ ಹತ್ತು ಅಡಿ ಮೂರು ಇಂಚು. ನಾಲ್ಕು ಅಡಿ ವ್ಯಾಸದ ಬಾವಿಯಲ್ಲಿ ಆ ಒಂಬತ್ತು ಇಂಚು ಎಂದರೆ ಸುಮಾರು 270 ಲೀಟರ್, ಮೂರು ನಾಲ್ಕು ಸಲ ವಾಷಿಂಗ್ ಮಷಿನ್ ಓಡಿಸಿದಷ್ಟು ನೀರು.

ಹುಡುಕಾಟ ಆಮೇಲೆ ಕಷ್ಟವಾಗಲಿಲ್ಲ. ತಾರಸಿಯಿಂದ ಇಳಿಯುವ ನಾಲ್ಕು ಪೈಪುಗಳ ಬುಡದ ಚೇಂಬರುಗಳ ಮುಚ್ಚಳ ತೆಗೆದೆವು. ಮೂರರಲ್ಲಿ ಒಣಗಿದ ಎಲೆ, ನಾಲ್ಕನೆಯದರಲ್ಲಿ ಹಸಿ ತಳ, ಅಂಚಿಗೆಲ್ಲ ಬೂದುಬಣ್ಣದ ಲೋಳೆ, ಅದರಲ್ಲಿ ಬಟ್ಟೆಯ ನೂಲಿನ ಎಳೆಗಳು ಕೂದಲಿನಂತೆ ಅಂಟಿಕೊಂಡಿದ್ದವು. ಆ ಪೈಪು ಹಾದುಹೋಗುವ ಬಾಲ್ಕನಿಗಳ ನೆಲದ ಜಾಲರಿಗಳಿಗೆ ಒಂದೊಂದಾಗಿ, ಅಡುಗೆಗೆ ಬಳಸುವ ಬಣ್ಣ ಕಲಸಿದ ಒಂದೊಂದು ಬಕೆಟ್ ನೀರು ಸುರಿದು, ಕೆಳಗೆ ಒಬ್ಬರು ನಿಂತು ನೋಡಿದೆವು. ಎಲ್ಲ ಬಾಲ್ಕನಿಗಳ ಬಣ್ಣವೂ ಅದೇ ಚೇಂಬರಿಗೆ ಬಂತು. ಮೂರು ಮನೆಗಳವರು ಸ್ನಾನದ ಮನೆಯಲ್ಲಿ ಜಾಗ ಸಾಲದೆ ಮಷಿನನ್ನು ಬಾಲ್ಕನಿಗೆ ತಂದಿಟ್ಟುಕೊಂಡಿದ್ದರು. ಅವರ ತಪ್ಪೆಂದು ನಾನು ಹೇಳಲಾರೆ. ನೆಲದಲ್ಲಿ ಜಾಲರಿ ಕಂಡರೆ ಯಾರಾದರೂ ಅದು ಬಚ್ಚಲ ನೀರಿನ ದಾರಿ ಎಂದೇ ತಿಳಿಯುತ್ತಾರೆ. ಅದು ಮಳೆನೀರಿನ ಪೈಪು, ಅದರ ಕೊನೆಯಲ್ಲಿ ಬಾವಿ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಸಾಬೂನು ಪುಡಿಯ ನೀರು ಬಾವಿಯನ್ನು ಕೆಡಿಸುವುದು ಎರಡು ಬಗೆಯಲ್ಲಿ. ಜಿಡ್ಡೂ ನೂಲೂ ಸೇರಿ ತಳದ ಮೇಲೆ ಚರ್ಮದಂಥ ಪದರ ಕಟ್ಟುತ್ತವೆ. ಇದು ಹೂಳಿನೊಂದಿಗೆ ಹೊರಗೆ ಬರುತ್ತದೆ. ಇನ್ನೊಂದು ಕಣ್ಣಿಗೆ ಕಾಣುವುದಿಲ್ಲ: ಸಾಬೂನು ಪುಡಿಯಲ್ಲಿರುವ ಸೋಡಿಯಂ ಜೇಡಿಕಣಗಳನ್ನು ಒಂದಕ್ಕೊಂದು ಅಂಟಿಕೊಳ್ಳದಂತೆ ಬಿಡಿಸಿಬಿಡುತ್ತದೆ, ಬಿಡಿಬಿಡಿಯಾದ ನಯವಾದ ಕಣಗಳು ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಸೇರಿಕೊಂಡು ನೀರಿನ ದಾರಿಯನ್ನು ಕಟ್ಟುತ್ತವೆ. ಹೂಳನ್ನು ಎರಡು ಸಲ ತೆಗೆಸಿದರೂ ನಮ್ಮ ಬಾವಿ ಚೇತರಿಸದಿದ್ದುದಕ್ಕೆ ಕಾರಣ ಇದೇ ಎಂದು ನನಗೆ ಮನದಟ್ಟಾಗಿದೆ. ಬಾಲ್ಕನಿಯ ಮಷಿನುಗಳ ನೀರಿಗೆ ಬೇರೆ ಪೈಪು ಹಾಕಿ ಒಳಚರಂಡಿಗೆ ಕೊಟ್ಟೆವು; ಅದಾದ ಮೇಲೆಯೇ ಹೂಳು ತೆಗೆಸಿ, ತಳದ ಮಣ್ಣನ್ನು ಇನ್ನೂ ಅರ್ಧ ಅಡಿ ಕೆತ್ತಿ ತೆಗೆಸಿ, ರಿಂಗುಗಳ ತೂತುಗಳನ್ನು ಸರಳಿನಿಂದ ಬಿಡಿಸಿದೆವು. ಈ ಅನುಕ್ರಮವನ್ನು ತಲೆಕೆಳಗು ಮಾಡಿದರೆ ಹಣ ಹೂಳಿನ ಜೊತೆಯಲ್ಲೇ ಹೋಗುತ್ತದೆ.

ಏರುವ ನೀರು ಸಾಬೂನಿನದಲ್ಲದೆ ಶೌಚದ ವಾಸನೆಯದಾದರೆ ವಿಷಯ ಇನ್ನೂ ಗಂಭೀರ. ಹತ್ತಿರದ ಒಳಚರಂಡಿಯ ಚೇಂಬರು ಒಡೆದಿರಬಹುದು, ಅಥವಾ ಚೇಂಬರು ಕಟ್ಟಿಕೊಂಡು ಹಿಮ್ಮುಖವಾಗಿ ಮಳೆನೀರಿನ ಪೈಪಿಗೆ ನುಗ್ಗುತ್ತಿರಬಹುದು. ಅಂಥ ಬಾವಿ ಅಂತರ್ಜಲಕ್ಕೆ ಕೊಳಚೆಯನ್ನು ಉಣಿಸುತ್ತಿರುತ್ತದೆ. ಬಾವಿಗೆ ಬರುವ ಎಲ್ಲ ಪೈಪುಗಳನ್ನೂ ಆ ದಿನವೇ ಮುಚ್ಚಿ, ಮಳೆನೀರನ್ನು ತಾತ್ಕಾಲಿಕವಾಗಿ ಚರಂಡಿಗೆ ತಿರುಗಿಸಿ, ಸುತ್ತಲಿನ ಕೊಳವೆಬಾವಿಗಳ ನೀರನ್ನು ಕೋಲಿಫಾರ್ಮ್ (ಕೊಳಚೆ ಸೇರಿದ್ದನ್ನು ಸೂಚಿಸುವ ಬ್ಯಾಕ್ಟೀರಿಯಾ) ಮತ್ತು ನೈಟ್ರೇಟ್ ಪರೀಕ್ಷೆಗೆ ಕಳಿಸಬೇಕು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, ಇ. ಕೋಲೈ ಇರಲೇಬಾರದು.

ಮಣ್ಣಿನ ದೋಷ, ಕಟ್ಟುವಿಕೆಯ ದೋಷ

ಒಳಬರುವ ನೀರು ಶುದ್ಧ, ಹೂಳೂ ಇಲ್ಲ, ಆದರೂ ನೀರು ಇಳಿಯುವುದಿಲ್ಲ ಎಂದಾಗ ಮಾತ್ರ ಮಣ್ಣನ್ನು ಅನುಮಾನಿಸಬೇಕು. ಮೊದಲು ರಿಂಗುಗಳ ಸಂದುಗಳನ್ನು ಟಾರ್ಚು ಹಾಕಿ ನೋಡಿ. ಸಂಪು ಕಟ್ಟಿ ರೂಢಿಯಿರುವ ಮೇಸ್ತ್ರಿಗಳು ಅಭ್ಯಾಸಬಲದಿಂದ ಸಂದುಗಳಿಗೆ ಸಿಮೆಂಟು ಮೆತ್ತಿ, ತಳಕ್ಕೂ ಕಾಂಕ್ರೀಟು ಹಾಕಿದ ಬಾವಿಗಳನ್ನು ನಾನು ಕಂಡಿದ್ದೇನೆ. ಅದು ಇಂಗುಬಾವಿಯಲ್ಲ, ತೊಟ್ಟಿ. ತಳ ಒಡೆದು, ಸಂದು ಬಿಡಿಸಿದರೆ ಬಾವಿ ಬದುಕುತ್ತದೆ.

ರಿಂಗು ಸರಿಯಿದ್ದರೆ ತಳದ ಮಣ್ಣನ್ನು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಮರಳು ಒಂದೆರಡು ನಿಮಿಷದಲ್ಲಿ ಕೂರುತ್ತದೆ, ಗೋಡುಮಣ್ಣು ಕೆಲವು ಗಂಟೆಗಳಲ್ಲಿ, ಜೇಡಿ ಮಾತ್ರ ಮರುದಿನವೂ ನೀರನ್ನು ಕದಡಿಯೇ ಇಟ್ಟಿರುತ್ತದೆ. ಜೇಡಿಯ ಪಾಲು ಹೆಚ್ಚಿದ್ದರೆ ಬಾವಿ ಇನ್ನೂ ಗರಸು ಪದರವನ್ನು ಮುಟ್ಟಿಲ್ಲ ಎಂದರ್ಥ. ಬೆಂಗಳೂರಿನ ತಳದಲ್ಲಿರುವುದು ಲಾಲ್‌ಬಾಗಿನ ಬಂಡೆಯಲ್ಲಿ ಕಾಣುವಂಥ ಬಹು ಪುರಾತನ ನೈಸ್ ಶಿಲೆ. ಆ ಗಟ್ಟಿಬಂಡೆಗೂ ಮೇಲಿನ ಕೆಂಪುಮಣ್ಣಿಗೂ ನಡುವೆ ಶಿಲೆ ಶಿಥಿಲವಾಗಿ ಪುಡಿಯಾದ ಪದರವಿರುತ್ತದೆ. ನೀರು ಕುಡಿಯುವುದು ಅದೇ. ಮೇಲಿನ ಜೇಡಿಯಲ್ಲೇ ನಿಂತ ಬಾವಿಯನ್ನು ಇನ್ನೂ ಕೆಲವು ಅಡಿ ಇಳಿಸಿ ಆ ಪದರ ಮುಟ್ಟಿಸುವುದು ಹೊಸ ಬಾವಿಗಿಂತ ಎಷ್ಟೋ ಅಗ್ಗ.

ಕೆರೆಯಂಗಳಗಳ ಅಂಚಿನ ಬಡಾವಣೆಗಳಲ್ಲಿ, ಕೋರಮಂಗಲ-ಚಲ್ಲಘಟ್ಟ ಕಣಿವೆಯ ತಗ್ಗಿನಂಥ ಕಡೆಗಳಲ್ಲಿ, ಮಳೆಗಾಲದ ಕೊನೆಯ ಹೊತ್ತಿಗೆ ಅಂತರ್ಜಲವೇ ಕೆಲವು ಅಡಿಗಳ ಆಳಕ್ಕೆ ಬಂದಿರುವುದುಂಟು. ಅಲ್ಲಿ ಇಂಗಿಸಲು ಹಟ ಹಿಡಿಯುವುದು ವ್ಯರ್ಥ. ಆ ಬಾವಿಯ ನೀರನ್ನು ಪಂಪಿನಿಂದ ಮೇಲೆತ್ತಿ ಗಿಡಗಳಿಗೆ, ಶೌಚಕ್ಕೆ, ಅಂಗಳ ತೊಳೆಯಲು ಬಳಸಿದರೆ ಟ್ಯಾಂಕರಿನ ಲೆಕ್ಕವೂ ತಗ್ಗುತ್ತದೆ, ಮುಂದಿನ ಮಳೆಗೆ ಬಾವಿಯಲ್ಲಿ ಜಾಗವೂ ಆಗುತ್ತದೆ.

ಬಾವಿಗೆ ಇಳಿಯುವ ಮುಂಚೆ

ಮುಚ್ಚಿದ ಬಾವಿಯಲ್ಲಿ ಕೊಳೆತ ಎಲೆಯಿಂದ ಆಮ್ಲಜನಕ ಇಲ್ಲವಾಗಿರುತ್ತದೆ, ವಿಷಾನಿಲ ಕೂತಿರುತ್ತದೆ. ಹಿಂದಿನವರು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಆಮ್ಲಜನಕ ಕಡಿಮೆ ಎಂದು ತಿಳಿಯುತ್ತದೆ, ನಿಜ. ಆದರೆ ಕೊಳಚೆಯಿಂದೇಳುವ ವಿಷಾನಿಲಗಳನ್ನು ದೀಪ ತೋರಿಸುವುದಿಲ್ಲ, ಅವುಗಳಲ್ಲಿ ಕೆಲವಕ್ಕೆ ಬೆಂಕಿಯೂ ತಾಗಬಹುದು. ಆದ್ದರಿಂದ ಅನಿಲ ಮಾಪಕ ಬೇಕು, ಗಂಟೆಗಟ್ಟಲೆ ಮುಚ್ಚಳ ತೆರೆದು ಬ್ಲೋವರಿನಿಂದ ಗಾಳಿ ಹಾಯಿಸಬೇಕು, ಇಳಿಯುವವರ ಸೊಂಟಕ್ಕೆ ಹಗ್ಗವಿರಬೇಕು, ಮೇಲೆ ಇಬ್ಬರು ನಿಂತಿರಬೇಕು. ಶೌಚದ ನೀರು ಸೇರಿದ ಬಾವಿಗೆ ಯಾರನ್ನೂ ಇಳಿಸಲೇಬಾರದು. ಒಳಚರಂಡಿ ಮತ್ತು ಶೌಚಗುಂಡಿಗಳ ಅಪಾಯಕಾರಿ ಶುಚಿಕಾರ್ಯಕ್ಕೆ ಮನುಷ್ಯರನ್ನು ಬಳಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ, ಅಂಥ ಬಾವಿಯಲ್ಲಿರುವ ಅಪಾಯವೂ ಅದೇ. ಹೀರುವ ಯಂತ್ರದ ವಾಹನವನ್ನು ತರಿಸಿ.

ದುರಸ್ತಿಯ ನಂತರ

ದುರಸ್ತಿ ಮುಗಿದ ಮೇಲಿನ ಮೊದಲ ಒಳ್ಳೆಯ ಮಳೆಗೆ ಹಗ್ಗ ಹಿಡಿದು ಮತ್ತೆ ಅದೇ ಅಳತೆಗಳನ್ನು ತೆಗೆಯಬೇಕು, ಇಲ್ಲದಿದ್ದರೆ ಮುಂದಿನ ಸಲ ಹೋಲಿಸಲು ಏನೂ ಇರುವುದಿಲ್ಲ. ನಮ್ಮಲ್ಲಿ ಆ ರಾತ್ರಿ ಹತ್ತಕ್ಕೆ ನೀರು ಗುರುತಿನಿಂದ ಎರಡು ಅಡಿಯಲ್ಲಿತ್ತು, ಬೆಳಗಿನ ಐದೂವರೆಗೆ ಹದಿನಾಲ್ಕು ಅಡಿಯಲ್ಲಿತ್ತು, ಹತ್ತು ಗಂಟೆಗೆ ಹದಿನಾರರಲ್ಲಿ. ಈ ಮೂರು ಅಂಕಿಗಳನ್ನೂ, ಗಟ್ಟಿ ತಳದ ಆಳವನ್ನೂ, ತಾರೀಕನ್ನೂ ಬಾವಿಯ ಮುಚ್ಚಳದ ಒಳಮೈಯಲ್ಲಿ ಎನಾಮೆಲ್ ಬಣ್ಣದಿಂದ ಬರೆದಿದ್ದೇವೆ. ಬಾಲ್ಕನಿಯ ಪ್ರತಿಯೊಂದು ಜಾಲರಿಯ ಪಕ್ಕದಲ್ಲಿ "ಈ ನೀರು ಬಾವಿಗೆ ಹೋಗುತ್ತದೆ" ಎಂಬ ಸಣ್ಣ ಫಲಕವಿದೆ.

ಪ್ರತಿ ವರ್ಷ ಏಪ್ರಿಲ್ ಕೊನೆಯ ವಾರ, ಮೊದಲ ಮಳೆಗೆ ಮುಂಚೆ, ತಾರಸಿ ಗುಡಿಸಿ, ಸೋಸುಗುಂಡಿಯ ಜಲ್ಲಿಯನ್ನು ಹೊರತೆಗೆದು ತೊಳೆದು, ತಳದ ಅಳತೆ ನೋಡುತ್ತೇವೆ. ಹೂಳು ಒಂದು ಅಡಿ ಮೀರಿದರೆ ಮಾತ್ರ ತೆಗೆಸುವುದು. ಮಳೆಯಿಲ್ಲದ ಒಂದು ಭಾನುವಾರ ಬೆಳಿಗ್ಗೆ ನಾಲ್ಕೂ ಚೇಂಬರುಗಳ ಮುಚ್ಚಳ ತೆಗೆದು ತಳವನ್ನು ಕೈಯಿಂದ ಮುಟ್ಟಿ ನೋಡುವ ಕೆಲಸವನ್ನು ಪಾಳಿಯ ಮೇಲೆ ಒಂದೊಂದು ಮನೆಯವರು ಮಾಡುತ್ತಾರೆ.